ಕಾಫಿ ಸೀಮೆಯ ಸಣ್ಣ ಸರ್ಕಾರಿ ಶಾಲೆ: ಹೊಸದಾಗಿ ಚಾರ್ಜ್ ತೆಗೆದುಕೊಂಡ ಮುಖ್ಯ ಶಿಕ್ಷಕರಿಗೆ

ಮೂಡಿಗೆರೆ, ಕೊಪ್ಪ, ಕಳಸ, ಸಕಲೇಶಪುರ, ಆಲೂರು ಕಡೆಯ ಸರ್ಕಾರಿ ಶಾಲೆಗಳು ಎರಡು ಕ್ಯಾಲೆಂಡರ್‌ಗಳ ನಡುವೆ ನಡೆಯುತ್ತವೆ. ಇಲಾಖೆಯ ಕ್ಯಾಲೆಂಡರ್ ಜೂನ್ ಹೊತ್ತಿಗೆ ಶುರುವಾಗಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ತೋಟದ ಕ್ಯಾಲೆಂಡರ್ ಬೇರೆ: ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ಮಾರ್ಚ್‌ವರೆಗೆ ರೋಬಸ್ಟಾ, ನಡುವೆ ಕಾಳುಮೆಣಸು. ಮಕ್ಕಳ ಮನೆ ನಡೆಯುವುದು ಈ ಎರಡನೆಯದರ ಮೇಲೆ. ಮುಖ್ಯ ಶಿಕ್ಷಕರು ಮೊದಲನೆಯದನ್ನಷ್ಟೇ ನೋಡಿಕೊಂಡು ಕೂತರೆ ಜುಲೈನಲ್ಲಿ ದಿನಗಳು ಕೈಬಿಡುತ್ತವೆ, ಡಿಸೆಂಬರ್‌ನಲ್ಲಿ ಮಕ್ಕಳು ಕೈಬಿಡುತ್ತಾರೆ. ಮಕ್ಕಳ ಸಂಖ್ಯೆ ಇಳಿದರೆ ಅನುದಾನ ಇಳಿಯುತ್ತದೆ, ಶಿಕ್ಷಕರ ಹುದ್ದೆಯೂ ಅಲುಗಾಡುತ್ತದೆ. ಅದಕ್ಕೇ ಇಲ್ಲಿ ಹೇಳುವ ಕೆಲಸಗಳೆಲ್ಲ ಒಂದೇ ಕಡೆ ಸೇರುತ್ತವೆ: ಶಾಲೆಯ ವರ್ಷವನ್ನು ಮಳೆಗೂ ಕೊಯ್ಲಿಗೂ ಮುಂಚಿತವಾಗಿ ಹೊಂದಿಸಿಡಬೇಕು.

ಲೆಕ್ಕಕ್ಕೆ ಅನುಕೂಲವಾಗಲೆಂದು 62 ಮಕ್ಕಳ ಹಿರಿಯ ಪ್ರಾಥಮಿಕ ಶಾಲೆಯೊಂದನ್ನು ಇಟ್ಟುಕೊಳ್ಳೋಣ. ಒಂದರಿಂದ ಐದರಲ್ಲಿ 38 ಮಕ್ಕಳು, ಆರು ಮತ್ತು ಏಳರಲ್ಲಿ 24.

ಚಾರ್ಜ್ ತೆಗೆದುಕೊಳ್ಳುವ ದಿನ

ಪಟ್ಟಿ ಓದಿ ಸಹಿ ಹಾಕುವ ಆತುರ ಬೇಡ. ಅರ್ಧ ದಿನ ಹಿಡಿಯುತ್ತದೆ, ಹಿಡಿಯಲಿ. ಮೊದಲು ಬಿಸಿಯೂಟದ ಅಕ್ಕಿ. ದಾಸ್ತಾನು ವಹಿಯಲ್ಲಿ ಎಷ್ಟು ಕೆಜಿ ಬರೆದಿದೆಯೋ ಅಷ್ಟೂ ತೂಗಬೇಕು. ಹೊಲಿಗೆ ಬಿಚ್ಚದ ಚೀಲವನ್ನೂ 50 ಕೆಜಿ ಎಂದು ನಂಬಿ ಬಿಡಬಾರದು. ಮಳೆಗಾಲದಲ್ಲಿ ತೇವ ಎಳೆದುಕೊಂಡಿರುತ್ತದೆ, ಇಲಿ ತೂತು ಮಾಡಿದ್ದರೆ ಕಡಿಮೆಯಾಗಿರುತ್ತದೆ. ಶಾಲೆಯಲ್ಲಿ ದೊಡ್ಡ ತಕ್ಕಡಿ ಇಲ್ಲದಿದ್ದರೆ ಪಕ್ಕದ ತೋಟದಲ್ಲಿ ಕಾಫಿ ಹಣ್ಣು ತೂಗುವ ತಕ್ಕಡಿಯನ್ನು ಒಂದು ಗಂಟೆಗೆ ಕೇಳಿ ತನ್ನಿ. ವ್ಯತ್ಯಾಸ ಬಂದರೆ ಅದನ್ನು ಅದೇ ದಿನ ಪ್ರಭಾರ ಪಟ್ಟಿಯಲ್ಲೇ ಬರೆದು ಬಿಟ್ಟುಕೊಡುವವರೂ ತೆಗೆದುಕೊಳ್ಳುವವರೂ ಇಬ್ಬರೂ ಸಹಿ ಮಾಡಬೇಕು. ತೂಗದೆ ಸಹಿ ಹಾಕಿದ ಕೊರತೆ ಆಡಿಟ್ ಬರುವ ಹೊತ್ತಿಗೆ ನಿಮ್ಮದೇ ಆಗಿರುತ್ತದೆ.

ಎರಡನೆಯದು ನಗದು ಪುಸ್ತಕ. ಅದರ ಕೊನೆಯ ಶಿಲ್ಕು (ಉಳಿದ ಹಣ) ಮತ್ತು ಬ್ಯಾಂಕಿನ ಶಿಲ್ಕು ತಾಳೆಯಾಗಬೇಕು. ಆಗದಿದ್ದರೆ ಸಾಮಾನ್ಯ ಕಾರಣ ಮೂರು: ಕೊಟ್ಟ ಚೆಕ್ಕು ಇನ್ನೂ ನಗದಾಗಿಲ್ಲ, ಬ್ಯಾಂಕಿನ ಬಡ್ಡಿ ಪುಸ್ತಕಕ್ಕೆ ಏರಿಲ್ಲ, ಇಲ್ಲವೇ ಖರ್ಚು ಬರೆದಿದೆ ಆದರೆ ಬಿಲ್ಲಿಲ್ಲ. ಮೂರನೆಯದಿದ್ದರೆ ಆ ಬಿಲ್ಲು ಸಿಗುವವರೆಗೆ ಆ ಸಾಲನ್ನು ಒಪ್ಪಿಕೊಳ್ಳಬೇಡಿ.

ದಾಖಲಾತಿ ವಹಿ, ಟಿಸಿ ಪುಸ್ತಕ, ಹಿಂದಿನ ಮೂರು ವರ್ಷದ ಹಾಜರಿ ಪುಸ್ತಕಗಳನ್ನು ಕೈಯಾರೆ ಎಣಿಸಿ ತೆಗೆದುಕೊಳ್ಳಿ. ಹಳೆಯ ಹಾಜರಿ ಪುಸ್ತಕ ಮುಂದೆ ನಿಮ್ಮ ಅತಿ ದೊಡ್ಡ ಆಸ್ತಿಯಾಗುತ್ತದೆ.

ಜಾಗದ ಪತ್ರವನ್ನೂ ಕೇಳಿ. ಮಲೆನಾಡಿನಲ್ಲಿ ಎಷ್ಟೋ ಶಾಲೆಗಳು ತೋಟದವರು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ನೆಲದಲ್ಲಿವೆ. ದಾನಪತ್ರ ಇರುವುದಿಲ್ಲ, ಪಹಣಿಯಲ್ಲಿ ಶಾಲೆಯ ಹೆಸರಿರುವುದಿಲ್ಲ. ಹೊಸ ಕೊಠಡಿ ಮಂಜೂರಾದಾಗಲೋ, ತೋಟ ಕೈಬದಲಾಗಿ ಹೊಸ ಯಜಮಾನರು ಬೇಲಿ ಸರಿಸಿದಾಗಲೋ ಇದು ಎದ್ದು ಕೂರುತ್ತದೆ. ಸರ್ವೆ ನಂಬರ್ ತಿಳಿದುಕೊಂಡು ಪಹಣಿ ತೆಗೆಸಿ. ಹೆಸರಿದ್ದು ಗಡಿ ಮಾತ್ರ ಗೊಂದಲವಾಗಿದ್ದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಕೊಡಿ. ಹೆಸರೇ ಇಲ್ಲದಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಿರ್ಣಯ ಮಾಡಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೂಲಕ ತಹಶೀಲ್ದಾರರಿಗೆ ಬರೆಯಬೇಕು. ಕೊಟ್ಟವರ ಮನೆಯ ಹಿರಿಯರು ಇರುವಾಗಲೇ ಈ ಕೆಲಸ ಮುಗಿದರೆ ಒಳ್ಳೆಯದು, ಮುಂದಿನ ತಲೆಮಾರಿಗೆ ಆ ಮಾತು ನೆನಪಿರುವುದಿಲ್ಲ.

ಮಳೆಗಾಲದ ಲೆಕ್ಕ

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವರ್ಷಕ್ಕೆ ಒಂದರಿಂದ ಐದಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಲೇಬೇಕು. ಪುನರ್ವಸು, ಪುಷ್ಯ ಮಳೆ ಹಿಡಿದುಕೊಳ್ಳುವ ಜುಲೈನಲ್ಲಿ ಜಿಲ್ಲಾಡಳಿತ ರಜೆ ಕೊಡುತ್ತದೆ, ಕೊಡಲೇಬೇಕು. ಹಳ್ಳ ತುಂಬಿದಾಗ ಕಾಲುಸಂಕ ದಾಟುವ ಮಗು ಮುಖ್ಯ. ಆ ದಿನಗಳನ್ನು ಆಮೇಲೆ ತುಂಬಿಕೊಡಬೇಕಾಗುತ್ತದೆ, ಯಾವಾಗ ತುಂಬುವುದು ಎಂಬಲ್ಲೇ ಶಾಲೆಗಳು ಎಡವುವುದು.

ಎಂಟು ದಿನ ರಜೆ ಹೋಯಿತು ಅಂದುಕೊಳ್ಳಿ. ಶನಿವಾರದ ಅರ್ಧ ದಿನವನ್ನು ಪೂರ್ತಿ ದಿನ ಮಾಡಿದರೆ ಒಂದು ಶನಿವಾರಕ್ಕೆ ಅರ್ಧ ದಿನ ಸಿಗುತ್ತದೆ, ಅಂದರೆ 16 ಶನಿವಾರ ಬೇಕು. ಆಗಸ್ಟ್ ಮಧ್ಯದಿಂದ ಶುರುಮಾಡಿದರೂ ದಸರಾ ರಜೆ ಕಳೆದು ಡಿಸೆಂಬರ್ ಬರುತ್ತದೆ. ಹಾಗಾಗಿ ಆಗಸ್ಟ್ ಕೊನೆ, ಸೆಪ್ಟೆಂಬರ್‌ಗಳಲ್ಲಿ ಮೂರ್ನಾಲ್ಕು ಭಾನುವಾರವನ್ನೂ ಸೇರಿಸಿ ಅಕ್ಟೋಬರ್ ಮುಗಿಯುವಷ್ಟರಲ್ಲಿ ಚುಕ್ತಾ ಮಾಡುವುದು ಲೇಸು. ಜನವರಿ, ಫೆಬ್ರವರಿಗೆ ತಳ್ಳಿದ ಹೆಚ್ಚುವರಿ ದಿನಗಳು ಕಾಗದದ ಮೇಲೆ ಮಾತ್ರ ನಡೆಯುತ್ತವೆ. ಆಗ ಮಕ್ಕಳು ಕಾಫಿ ಗಿಡದ ಕೆಳಗಿರುತ್ತಾರೆ.

ಮಳೆಯ ದಿನ ಪಾಠದ ಬಗೆಯನ್ನೂ ಬದಲಿಸಬೇಕು. ತಗಡಿನ ಮಾಡಿನ ಕೊಠಡಿಯಲ್ಲಿ ಜಡಿಮಳೆ ಹೊಡೆಯುವಾಗ ಮುಂದಿನ ಬೆಂಚಿಗೂ ಮಾತು ಕೇಳುವುದಿಲ್ಲ, ಕರೆಂಟಿಲ್ಲದ ಕತ್ತಲಲ್ಲಿ ಬೋರ್ಡು ಕಾಣುವುದಿಲ್ಲ. ಅಂಥ ದಿನಕ್ಕೆಂದೇ ಪ್ರತಿ ತರಗತಿಗೆ ಹತ್ತು ಹತ್ತು ಅಭ್ಯಾಸದ ಹಾಳೆ, ಓದುವ ಪುಸ್ತಕ, ಲೆಕ್ಕದ ಕಾರ್ಡುಗಳನ್ನು ಮೇ ಕೊನೆಯಲ್ಲೇ ಮಾಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟಿರಿ. ಅಟ್ಟದ ಮೇಲೆ ಬಿಟ್ಟರೆ ಬೂಸ್ಟು ಹಿಡಿಯುತ್ತದೆ.

ಒದ್ದೆ ಬಟ್ಟೆಯಲ್ಲಿ ಕೂತ ಮಗು ಕಲಿಯುವುದಿಲ್ಲ, ಮೂರನೇ ದಿನ ಜ್ವರ ಬಂದು ಮನೆಯಲ್ಲೇ ಉಳಿಯುತ್ತದೆ. ಎರಡನೇ ಜೊತೆ ಸಮವಸ್ತ್ರವನ್ನು ಮಳೆಗಾಲ ಮುಗಿಯುವವರೆಗೆ ಹೆಸರು ಬರೆದ ಚೀಲದಲ್ಲಿ ಶಾಲೆಯಲ್ಲೇ ಇಡಲು ಪೋಷಕರನ್ನು ಒಪ್ಪಿಸಿ. ಅಡುಗೆಮನೆ ಪಡಸಾಲೆಯಲ್ಲಿ ಹಗ್ಗ ಕಟ್ಟಿ, ಒದ್ದೆಯಾದದ್ದು ಸಂಜೆಯೊಳಗೆ ಆರಿರುತ್ತದೆ. ಗೇಟಿನ ಬಳಿ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು ನೇತುಹಾಕಿದರೆ ಇಂಬಳ (ಜಿಗಣೆ) ಹತ್ತಿಸಿಕೊಂಡು ಬಂದ ಮಕ್ಕಳು ಅಲ್ಲೇ ಬಿಡಿಸಿಕೊಂಡು ಒಳಗೆ ಬರುತ್ತಾರೆ. ಕಿತ್ತು ಎಳೆಯಲು ಬಿಡಬೇಡಿ, ಗಾಯ ಕೆರೆದು ಕೀವಾಗುತ್ತದೆ.

ಕೊಯ್ಲಿನ ಐದು ತಿಂಗಳು

ಹಳೆಯ ಹಾಜರಿ ಪುಸ್ತಕ ಈಗ ಬೇಕು. ದಸರಾ ರಜೆ ಮುಗಿದ ವಾರವೇ ಕಳೆದ ವರ್ಷದ ಡಿಸೆಂಬರ್, ಜನವರಿ, ಫೆಬ್ರವರಿ ಪುಟಗಳನ್ನು ತೆರೆದು, ತಿಂಗಳಿಗೆ ಐದು ದಿನಕ್ಕಿಂತ ಹೆಚ್ಚು ತಪ್ಪಿಸಿದ ಮಕ್ಕಳ ಹೆಸರು ಬರೆದುಕೊಳ್ಳಿ. ಪ್ರತಿ ಹೆಸರಿನ ಮುಂದೆ ಯಾವ ತೋಟ, ಯಾವ ಲೈನು (ತೋಟದ ಆಳುಗಳ ಸಾಲುಮನೆ), ಮನೆಯಲ್ಲಿ ಆರು ವರ್ಷದೊಳಗಿನ ತಮ್ಮ ತಂಗಿ ಎಷ್ಟು ಜನ, ಯಾರ ಫೋನ್ ಸಿಗುತ್ತದೆ ಎಂದು ಸೇರಿಸಿ. ಒಂದು ಹಾಳೆಯಲ್ಲಿ ಮುಗಿಯುವ ಈ ಪಟ್ಟಿ ನಿಮ್ಮ ಮೇಜಿನ ಗಾಜಿನ ಕೆಳಗಿರಲಿ.

ಆ ಪಟ್ಟಿಯ ಮಕ್ಕಳೆಲ್ಲ ಒಂದೇ ಕಾರಣಕ್ಕೆ ಬಿಡುವುದಿಲ್ಲ. ಎಲ್ಲರಿಗೂ ಒಂದೇ ಬುದ್ಧಿಮಾತು ಹೇಳಿ ಬರುವುದರಿಂದ ಏನೂ ಆಗದಿರುವುದು ಇದಕ್ಕೇ.

ಮನೆಯಲ್ಲಿ ಯಾರೂ ಇಲ್ಲದ ಕಾರಣ ಅಪ್ಪ ಅಮ್ಮನ ಜೊತೆ ತೋಟಕ್ಕೆ ಹೋಗುವ ಸಣ್ಣ ಮಕ್ಕಳು ಒಂದು ಬಗೆ. ಆಳುಗಳು ಎಂಟಕ್ಕೆ ಮುಂಚೆಯೇ ಕೆಲಸಕ್ಕೆ ಹೊರಡುತ್ತಾರೆ, ಶಾಲೆಯ ಬೀಗ ತೆಗೆಯುವುದು ಒಂಬತ್ತೂವರೆಗೆ. ಎಂಟು ವರ್ಷದ ಮಗುವನ್ನು ಒಂಟಿಯಾಗಿ ಬಿಟ್ಟು ಹೋಗಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ. ಆ ಒಂದೂವರೆ ಗಂಟೆಯನ್ನು ಮುಚ್ಚಿದರೆ ಸಾಕು. ನವೆಂಬರ್‌ನಿಂದ ಎಂಟಕ್ಕೆ ಗೇಟು ತೆಗೆಯುವ ವ್ಯವಸ್ಥೆ ಮಾಡಿ. ಊರಲ್ಲೇ ಇರುವ ಎಸ್‌ಡಿಎಂಸಿ ಸದಸ್ಯರೊಬ್ಬರು, ಬೇಗ ಬರುವ ಅಡುಗೆಯವರು, ಹತ್ತಿರದಲ್ಲೇ ಮನೆಯಿರುವ ಶಿಕ್ಷಕರು ವಾರದ ಸರದಿ ಹಾಕಿಕೊಳ್ಳಬಹುದು. ಯಾರ ಸರದಿ ಎಂಬುದನ್ನು ಎಸ್‌ಡಿಎಂಸಿ ನಡಾವಳಿಯಲ್ಲಿ ಬರೆಯಿರಿ. ಮಕ್ಕಳು ದೊಡ್ಡವರಿಲ್ಲದೆ ಶಾಲೆಯಲ್ಲಿ ಇರಬಾರದು.

ಎರಡನೇ ಬಗೆ, ಕೂಸು ನೋಡಿಕೊಳ್ಳಲು ಮನೆಯಲ್ಲಿ ಉಳಿಯುವ ಐದು, ಆರು, ಏಳನೇ ತರಗತಿಯ ಹೆಣ್ಣುಮಕ್ಕಳು. ಹಾಜರಿ ಪುಸ್ತಕದಲ್ಲಿ ಇವರಿಗೆ ಹೊಟ್ಟೆನೋವು, ಜ್ವರ ಎಂದಿರುತ್ತದೆ. ಇವರ ಮನೆಯವರ ಜೊತೆ ಮಾತಾಡುವ ಮೊದಲು ಅಂಗನವಾಡಿ ಟೀಚರ್ ಜೊತೆ ಮಾತಾಡಿ: ಮೂರು ದಾಟಿದ ಮಗು ಅಂಗನವಾಡಿಗೆ ಹೋಗುತ್ತಿದೆಯೇ, ಎಷ್ಟು ಹೊತ್ತಿಗೆ ಬಿಡುತ್ತಾರೆ, ಬಿಟ್ಟ ಮೇಲೆ ಅಕ್ಕನ ಶಾಲೆ ಮುಗಿಯುವವರೆಗೆ ಎಲ್ಲಿರುತ್ತದೆ. ಮೂರರೊಳಗಿನ ಕೂಸಾದರೆ ಪಂಚಾಯಿತಿಯ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’ ನಿಮ್ಮಲ್ಲಿ ನಡೆಯುತ್ತಿದೆಯೇ, ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಆಯಾ ಇದ್ದಾರೆಯೇ ವಿಚಾರಿಸಿ. ಜಾಗ ಗೊತ್ತಾದ ಮೇಲೆಯೇ ಆ ಅಮ್ಮನ ಹತ್ತಿರ ಹೋಗಿ. ಕೂಸನ್ನು ಎಲ್ಲಿ ಬಿಡಲಿ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಹೋದವರ ಮಾತು ಅಲ್ಲಿಗೇ ನಿಲ್ಲುತ್ತದೆ.

ಮೂರನೆಯವರು ಹನ್ನೆರಡು, ಹದಿಮೂರರ ಹುಡುಗರು. ಹಣ್ಣು ಕುಯ್ಯಲು ಹೋಗುತ್ತಾರೆ. ಕೊಯ್ಲಿನ ಕೂಲಿ ಕೆಜಿ ಲೆಕ್ಕದ್ದಾದರೆ ಇದು ಹೆಚ್ಚು. ದಿನಗೂಲಿಯಲ್ಲಿ ಮಗುವಿನ ಹೆಸರು ಬರೆಯಬೇಕಾಗುತ್ತದೆ, ಕೆಜಿ ಲೆಕ್ಕದಲ್ಲಿ ಅವನು ಕುಯ್ದದ್ದು ಅಪ್ಪನ ಚೀಲಕ್ಕೆ ಬಿದ್ದು ಅಪ್ಪನ ಹೆಸರಲ್ಲೇ ತೂಕವಾಗುತ್ತದೆ, ಯಾವ ಪುಸ್ತಕದಲ್ಲೂ ಮಗು ಕಾಣುವುದಿಲ್ಲ. ಈ ಮಾತನ್ನು ಅಪ್ಪನಿಗಿಂತ ತೋಟದ ಯಜಮಾನರಿಗೂ ಲೆಕ್ಕ ಬರೆಯುವ ರೈಟರಿಗೂ ಹೇಳಬೇಕು. 14 ವರ್ಷದೊಳಗಿನವರನ್ನು ದುಡಿಸುವುದು ಅಪರಾಧ ಎಂಬುದು ಅವರಿಗೆ ಗೊತ್ತಿದೆ. ಸಂಜೆ ಹಣ್ಣು ತೂಗುವ ಜಾಗಕ್ಕೆ ಶಾಲೆಯ ವಯಸ್ಸಿನ ಮಕ್ಕಳು ಚೀಲ ಹೊತ್ತು ಬಂದರೆ ಮಾರನೆಯ ದಿನ ಬರಬೇಡ ಎಂದು ರೈಟರ್ ಹೇಳಿದರೆ, ನೀವು ಹತ್ತು ಸಲ ಲೈನಿಗೆ ಹೋಗಿದ್ದಕ್ಕಿಂತ ಹೆಚ್ಚು ಕೆಲಸವಾಗುತ್ತದೆ.

ನಾಲ್ಕನೆಯವರು ಮನೆಮಂದಿಯೆಲ್ಲ ಬೇರೆ ತೋಟಕ್ಕೆ ಹೊರಡುವವರು. ಅವರಿಗೆ ಏನು ಮಾಡಬೇಕೆಂದು ಕೊನೆಯಲ್ಲಿ ಹೇಳಿದೆ.

ಯಜಮಾನರನ್ನು ಕಾಣುವುದು ಅಕ್ಟೋಬರ್ ಕೊನೆಯ ವಾರ, ಕೊಯ್ಲಿನ ಗಡಿಬಿಡಿ ಹತ್ತುವ ಮೊದಲು. ಎಸ್‌ಡಿಎಂಸಿ ಅಧ್ಯಕ್ಷರು ಜೊತೆಗಿರಲಿ. ಮೂರೇ ಮಾತು ಕೇಳಿ: ಆಳು ಕರೆತರುವ ಪಿಕಪ್ಪು ಅಥವಾ ಜೀಪು ಶಾಲೆಯ ದಾರಿಯಲ್ಲಿ ಬರುವಾಗ ಮಕ್ಕಳನ್ನು ಗೇಟಿನಲ್ಲಿ ಇಳಿಸಲಿ, ಪ್ರತಿ ಸೋಮವಾರ ಹೊಸದಾಗಿ ಬಂದ ಸಂಸಾರಗಳ ಮಕ್ಕಳ ಸಂಖ್ಯೆಯನ್ನು ರೈಟರ್ ಫೋನಿನಲ್ಲಿ ತಿಳಿಸಲಿ, ತೂಕದ ಜಾಗದಲ್ಲಿ ಮಕ್ಕಳಿರದಿರಲಿ. ಅದೇ ಭೇಟಿಯಲ್ಲಿ ಕಂಪ್ಯೂಟರೋ ಬೆಂಚೋ ದೇಣಿಗೆ ಕೇಳಬಾರದು. ಕೇಳಿದರೆ ಮಾತೆಲ್ಲ ದೇಣಿಗೆಯ ಕಡೆ ತಿರುಗಿ, ಕೊಟ್ಟವರಿಗೆ ತಮ್ಮ ಪಾಲು ಮುಗಿಯಿತೆನಿಸುತ್ತದೆ, ಮಕ್ಕಳ ವಿಷಯ ಹಿಂದೆ ಬೀಳುತ್ತದೆ. ದೇಣಿಗೆಗೆ ಏಪ್ರಿಲ್‌ನಲ್ಲಿ ಹೋಗಿ.

ಇನ್ನು ದಿನದ ಕೆಲಸ. ಮೊದಲ ಪಿರಿಯಡ್ ಮುಗಿದೊಡನೆ ಗೈರಾದವರ ಹೆಸರು ನಿಮ್ಮ ಕೈಗೆ ಬರಬೇಕು. ಮೊದಲ ದಿನ ಅದೇ ಲೈನಿನ ಮಕ್ಕಳನ್ನು ಕೇಳಿದರೆ ಸಾಕು. ಎರಡನೇ ದಿನ ಫೋನ್. ಮೂರನೇ ದಿನ ಯಾರಾದರೂ ಮನೆಗೆ ಹೋಗಲೇಬೇಕು, ಅದೂ ಸಂಜೆ ಐದೂವರೆ ಮೇಲೆ. ಬೆಳಿಗ್ಗೆ ಹನ್ನೊಂದಕ್ಕೆ ಲೈನಿಗೆ ಹೋಗಿ ಬೀಗ ನೋಡಿಕೊಂಡು ಬಂದು ‘ಪೋಷಕರು ಸಿಗಲಿಲ್ಲ’ ಎಂದು ಬರೆದಿಡುವುದು ತಿರುಗಾಟಕ್ಕೆ ಲೆಕ್ಕವೇ ಹೊರತು ಮಗುವಿಗೆ ಪ್ರಯೋಜನವಿಲ್ಲ. ಮೂರು ದಿನ ದಾಟಿ ವಾರವಾದರೆ ಮಗುವನ್ನು ಮತ್ತೆ ಕೂರಿಸುವುದು ಕಷ್ಟ. ಕೈಗೆ ಕಾಸು ಬರತೊಡಗಿರುತ್ತದೆ, ಪಾಠ ಹಿಂದೆ ಬಿದ್ದ ನಾಚಿಕೆಯೂ ಸೇರಿರುತ್ತದೆ. ಬಟವಾಡೆಯ (ಕೂಲಿ ಕೊಡುವ ದಿನದ) ಮರುದಿನ ಮತ್ತು ನಿಮ್ಮೂರಿನ ಸಂತೆಯ ದಿನ ಹಾಜರಿ ಇಳಿಯುವುದನ್ನು ಬೇರೆಯಾಗಿ ಗುರುತಿಸಿಕೊಳ್ಳಿ. ಅದು ಒಂದು ದಿನದ ಮಾತು. ಹೊಸ ಪಾಠವನ್ನು ಆ ದಿನ ಶುರುಮಾಡದಿದ್ದರಾಯಿತು.

ನಡುವರ್ಷ ಬರುವ ಮಕ್ಕಳು

ಕೊಯ್ಲಿಗೆ ಬಯಲುಸೀಮೆಯಿಂದ, ತಮಿಳುನಾಡಿನಿಂದ, ಅಸ್ಸಾಂ ಕಡೆಯಿಂದ ಸಂಸಾರ ಸಮೇತ ಬರುತ್ತಾರೆ. ಟಿಸಿ ಇಲ್ಲ, ಜನ್ಮ ದಾಖಲೆ ಇಲ್ಲ, ಆಧಾರ್ ಊರಲ್ಲಿದೆ ಎನ್ನುತ್ತಾರೆ. ಇವು ಯಾವುವೂ ಸೇರಿಸಿಕೊಳ್ಳದಿರಲು ಕಾರಣವಾಗುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಂ ವಯಸ್ಸಿನ ದಾಖಲೆ ಇಲ್ಲವೆಂದು, 15ನೇ ಕಲಂ ಅವಧಿ ಮೀರಿತೆಂದು, 5ನೇ ಕಲಂ ಟಿಸಿ ತಡವಾಯಿತೆಂದು ಮಗುವನ್ನು ಹೊರಗಿಡುವುದನ್ನು ತಡೆಯುತ್ತವೆ. 4ನೇ ಕಲಂ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಹತ್ತು ವರ್ಷದ ಹುಡುಗಿಗೆ ಅಕ್ಷರ ಬಾರದೆಂದು ಒಂದನೇ ತರಗತಿಯಲ್ಲಿ ಕೂರಿಸಿದರೆ ಅವಳು ಎರಡನೇ ವಾರ ಬರುವುದಿಲ್ಲ.

ಸೇರಿಸಿಕೊಂಡ ದಿನವೇ ಊಟ, ಹಾಲು, ಪುಸ್ತಕ ಸಿಗಬೇಕು. ಸ್ಯಾಟ್ಸ್‌ನಲ್ಲಿ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ) ಹೆಸರು ಏರುವವರೆಗೆ ಕಾಯಿಸಬೇಡಿ. ಕರ್ನಾಟಕದ ಮಗುವಾದರೆ ಹಿಂದಿನ ಶಾಲೆಯವರು ಆನ್‌ಲೈನಿನಲ್ಲಿ ಬಿಟ್ಟುಕೊಡಬೇಕು, ಶಾಲೆಯ ಹೆಸರು ತಾಲ್ಲೂಕು ಕೇಳಿ ನೀವೇ ಫೋನ್ ಮಾಡಿ. ಹೊರರಾಜ್ಯದ್ದಾದರೆ ಯು-ಡೈಸ್‌ನ (ದೇಶದ ಶಾಲೆಗಳ ಮಾಹಿತಿ ವ್ಯವಸ್ಥೆಯ) ಪೆನ್ ಸಂಖ್ಯೆ, ಅಂದರೆ ವಿದ್ಯಾರ್ಥಿಯ ಕಾಯಂ ಸಂಖ್ಯೆ, ಇದೆಯೇ ಕೇಳಿ. ಎಷ್ಟೋ ಸಲ ಅಂಕಪಟ್ಟಿಯ ಫೋಟೊ ಅಪ್ಪನ ಮೊಬೈಲಿನಲ್ಲಿರುತ್ತದೆ.

ಹೆಸರು ಬರೆಯುವಾಗ ಐದು ನಿಮಿಷ ಹೆಚ್ಚು ಕೊಡಿ. ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಬರೆದು, ಅದನ್ನು ನೋಡಿ ಇಂಗ್ಲಿಷಿನಲ್ಲಿ ಊಹಿಸಿ ಬರೆದರೆ ಆಧಾರ್‌ನೊಂದಿಗೆ ಹೊಂದುವುದಿಲ್ಲ. ವಿದ್ಯಾರ್ಥಿವೇತನ ನಿಲ್ಲುವುದು ಹೆಚ್ಚಾಗಿ ಇಲ್ಲೇ. ನಮ್ಮ ಊರಿನ ಮಕ್ಕಳದ್ದೂ ಇದೇ ಕತೆ: ದಾಖಲಾತಿ ವಹಿಯಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಹಿಂದೆ, ಆಧಾರ್‌ನಲ್ಲಿ ಮುಂದೆ. ಹುಟ್ಟಿದ ದಿನಾಂಕ ತಪ್ಪಿದ್ದರಂತೂ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೋಗುವ ಮೊದಲು ಸರಿಯಾಗಬೇಕು, ಆಮೇಲೆ ಅಲೆದಾಟ. ಬರೆದದ್ದನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳಿ, ಒಪ್ಪಿದ ಮೇಲೆ ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಳ್ಳಿ.

ಕನ್ನಡ ಬಾರದ ಮಗುವಿಗೆ ಮೊದಲ ತಿಂಗಳು ಅಕ್ಷರಕ್ಕಿಂತ ಮಾತು ಮುಖ್ಯ. ಬೆಳಗಿನ ಒಂದು ಗಂಟೆ ನಲಿ-ಕಲಿ (ಚಿಕ್ಕ ತರಗತಿಗಳ ಚಟುವಟಿಕೆಯ ಕಲಿಕೆ) ಕೊಠಡಿಯಲ್ಲಿ ಹಾಡು, ಕತೆ, ಚಿತ್ರದ ಕಾರ್ಡಿನ ಜೊತೆ ಕೂರಿಸಿ, ಲೆಕ್ಕಕ್ಕೂ ಆಟಕ್ಕೂ ತನ್ನ ವಯಸ್ಸಿನವರ ಜೊತೆಗಿರಲಿ. ಅದೇ ಲೈನಿನ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೋಡಿ ಮಾಡಿ. ಅಂಕಿಗಳು ಗೊತ್ತಿರುವ ಮಗುವಿಗೆ ಲೆಕ್ಕದಲ್ಲಿ ಬೇಗ ಧೈರ್ಯ ಬರುತ್ತದೆ, ಅಲ್ಲಿಂದಲೇ ಮಾತೂ ಬಿಚ್ಚಿಕೊಳ್ಳುತ್ತದೆ.

ಬಿಸಿಯೂಟ

ಒಂದರಿಂದ ಐದರ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಮೇಲಿನವರಿಗೆ 150, 30, 75, 7.5. ನಮ್ಮ ಲೆಕ್ಕದ ಶಾಲೆಯಲ್ಲಿ ಎಲ್ಲರೂ ಬಂದ ದಿನ ಅಕ್ಕಿ 7.4 ಕೆಜಿ, ಬೇಳೆ 1.48 ಕೆಜಿ, ತರಕಾರಿ 3.7 ಕೆಜಿ, ಎಣ್ಣೆ 370 ಗ್ರಾಂ. ಹಾಲಿಗೆ ಮಗುವಿಗೆ 18 ಗ್ರಾಂ ಪುಡಿ, 150 ಮಿಲಿ ಹಾಲು. 62 ಮಕ್ಕಳಿಗೆ 1.116 ಕೆಜಿ ಪುಡಿಯಲ್ಲಿ 9.3 ಲೀಟರ್ ಆಗಬೇಕು.

ತಪ್ಪಾಗುವುದು ಎಣಿಕೆಯಲ್ಲಿ. ಮಳೆ ಬಂದು 41 ಮಕ್ಕಳಷ್ಟೇ ಬಂದಿರುತ್ತಾರೆ, ಅಡುಗೆಯವರು ನಿನ್ನೆಯ ಅಳತೆಯಲ್ಲೇ ಅಕ್ಕಿ ಹಾಕಿರುತ್ತಾರೆ. ಅನ್ನ ಉಳಿಯುತ್ತದೆ, ಸಂಜೆ ವಹಿಯಲ್ಲಿ 41ರ ಲೆಕ್ಕ ಬರೆಯುತ್ತೀರಿ, ತಿಂಗಳ ಕೊನೆಗೆ ಚೀಲದಲ್ಲಿ ಅಕ್ಕಿ ಕಡಿಮೆ. ಪರಿಹಾರ ಸರಳ: ಹಾಜರಿ ಮುಗಿದೊಡನೆ ಎರಡು ಅಂಕಿ ಬರೆದ ಚೀಟಿ ಅಡುಗೆಮನೆಗೆ ಹೋಗಬೇಕು, ಐದರವರೆಗೆ ಇಷ್ಟು, ಮೇಲಿನವರು ಇಷ್ಟು. ಚೀಟಿ ಬಾರದೆ ಅಕ್ಕಿ ತೊಳೆಯಬಾರದು. ಆ ಚೀಟಿಗಳನ್ನು ಮೊಳೆಗೆ ಚುಚ್ಚಿಟ್ಟರೆ ತಿಂಗಳ ಲೆಕ್ಕಕ್ಕೆ ಅವೇ ಆಧಾರ.

ಹಾಲಿನ ಪುಡಿಯನ್ನು ನೇರ ಕುದಿನೀರಿಗೆ ಸುರಿದರೆ ಗಂಟುಗಂಟಾಗುತ್ತದೆ, ಮಕ್ಕಳು ಚೆಲ್ಲುತ್ತಾರೆ. ಮೊದಲು ಉಗುರುಬೆಚ್ಚಗಿನ ನೀರಲ್ಲಿ ಕಲಸಿ ತೆಳ್ಳಗೆ ಮಾಡಿಕೊಂಡು ಆಮೇಲೆ ಬಿಸಿನೀರಿಗೆ ಬೆರೆಸಬೇಕು. ಅಕ್ಕಿ ಚೀಲಗಳು ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಯ ಮೇಲಿರಲಿ; ಜುಲೈನ ಗೋಡೆ ಬೆವರುತ್ತದೆ, ತಾಗಿದ ಚೀಲ ಹದಿನೈದು ದಿನದಲ್ಲಿ ಮುಗ್ಗುತ್ತದೆ. ಮೊದಲು ಬಂದ ಚೀಲ ಮೊದಲು ಖಾಲಿಯಾಗಲಿ. ಮೊಟ್ಟೆಯನ್ನು ಬೇಯಿಸುವ ಮೊದಲು ನೀರಿಗೆ ಹಾಕಿ, ತೇಲಿದ್ದನ್ನು ಎಸೆಯಿರಿ. ಬಡಿಸುವ ಮೊದಲು ಒಬ್ಬ ಶಿಕ್ಷಕರೂ ಸೇರಿ ಇಬ್ಬರು ದೊಡ್ಡವರು ರುಚಿ ನೋಡಿ ವಹಿಯಲ್ಲಿ ಸಹಿ ಹಾಕುವ ನಿಯಮವನ್ನು ಒಂದು ದಿನವೂ ಬಿಡಬೇಡಿ. ತಿಂಗಳ ಸಹಿಯನ್ನು ಒಟ್ಟಿಗೆ ಹಾಕುವ ಅಭ್ಯಾಸ ಮಗುವಿನ ಪ್ರಾಣದ ಜೊತೆ ಆಟ.

ಮಾಡು, ಹಣ, ಮಾರ್ಚ್ 31

ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30ರವರೆಗೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಹೋಗಬೇಕು. 25,000ವನ್ನು ಹೀಗೆ ಹಂಚಬಹುದು: ಸ್ವಚ್ಛತೆ 2,500, ಹೆಂಚು ಮತ್ತು ರೀಪು (ಹೆಂಚು ಕೂರುವ ಮರದ ಪಟ್ಟಿ) 7,000, ಬೋಧನೋಪಕರಣ ಹಾಗೂ ಪುಸ್ತಕ 6,000, ಪಂಪು, ಪೈಪು, ವೈರಿಂಗು 4,000, ರಿಜಿಸ್ಟರು ಸ್ಟೇಷನರಿ 3,500, ಔಷಧ ಪೆಟ್ಟಿಗೆ 1,000, ತುರ್ತಿಗೆ 1,000.

ಮಲೆನಾಡಿನಲ್ಲಿ ಮಾಡಿನ ರಿಪೇರಿ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಆಗಬೇಕು. ಹಣ ಖರ್ಚು ಮಾಡಲು ಕೊನೆಯ ದಿನ ಮಾರ್ಚ್ 31. ಈ ಎರಡರ ನಡುವಿನ ತಿಂಗಳಲ್ಲೇ ಹೆಚ್ಚಿನ ಶಾಲೆಗಳ ಮಾಡು ಸೋರುತ್ತ ಉಳಿಯುವುದು. ಫೆಬ್ರವರಿಯಲ್ಲೇ ಏಣಿ ಹಾಕಿ ಒಡೆದ ಹೆಂಚು, ಗೆದ್ದಲು ಹತ್ತಿದ ರೀಪು, ಬಾಗಿದ ಪಕಾಸಿ (ರೀಪನ್ನು ಹೊರುವ ಮರ) ಎಣಿಸಿ. ಕಳೆದ ಮಳೆಯಲ್ಲಿ ಎಲ್ಲೆಲ್ಲಿ ಬಕೆಟ್ ಇಟ್ಟಿದ್ದಿರೋ ಅಲ್ಲಿ ನೆಲದ ಮೇಲೆ ಬಣ್ಣದ ಗುರುತು ಹಾಕಿಟ್ಟಿದ್ದರೆ ಈ ಕೆಲಸ ಸುಲಭ. ನೀರು ತೊಟ್ಟಿಕ್ಕುವ ಜಾಗಕ್ಕಿಂತ ಇಳಿಜಾರಿನ ಮೇಲ್ಗಡೆ ಹೆಂಚು ಒಡೆದಿರುತ್ತದೆ. ಮಾರ್ಚ್‌ನೊಳಗೆ ಸಾಮಾನು ಕೊಂಡು ಬಿಲ್ಲು ಪಡೆದು ದಾಸ್ತಾನು ವಹಿಗೆ ಏರಿಸಿ. ಕೂರಿಸುವ ಕೆಲಸವನ್ನು ಏಪ್ರಿಲ್‌ನಲ್ಲಿ ಎಸ್‌ಡಿಎಂಸಿ ಶ್ರಮದಾನವಾಗಿ ಮಾಡಿಸಬಹುದು, ಕೊಯ್ಲು ಮುಗಿದು ಜನ ಬಿಡುವಾಗಿರುತ್ತಾರೆ. ಬೇಕಾದದ್ದಕ್ಕಿಂತ ಇಪ್ಪತ್ತು ಹೆಂಚು ಹೆಚ್ಚಿಗೆ ಇಟ್ಟಿರಿ, ಜುಲೈನ ಗಾಳಿಗೆ ಕೊಂಬೆ ಬಿದ್ದಾಗ ಅಂಗಡಿಗೆ ಓಡುವಂತಾಗಬಾರದು. ಹಳೆಯ ಅಚ್ಚಿನ ಹೆಂಚಿಗೆ ಹೊಸ ಅಚ್ಚಿನದು ಕೂರುವುದಿಲ್ಲ. ಒಂದು ಹೆಂಚು ಹಿಡಿದುಕೊಂಡೇ ಅಂಗಡಿಗೆ ಹೋಗಿ.

ಎಸ್‌ಡಿಎಂಸಿ

ಕರ್ನಾಟಕದಲ್ಲಿ ಎಸ್‌ಡಿಎಂಸಿಗಳು 2001ರಿಂದ ಇವೆ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಸಮಿತಿಯ ಮುಕ್ಕಾಲು ಪಾಲು ಪೋಷಕರು, ಒಟ್ಟು ಅರ್ಧದಷ್ಟು ಮಹಿಳೆಯರು ಇರಲೇಬೇಕು. ಕಾಗದದಲ್ಲಿ ಎಲ್ಲ ಕಡೆ ಹೀಗೇ ಇರುತ್ತದೆ. ನಡೆಯುವುದು ಬೇರೆ: ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆಯುತ್ತಾರೆ, ಕೂಲಿ ಬಿಟ್ಟು ಯಾರೂ ಬರುವುದಿಲ್ಲ, ನಡಾವಳಿ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಒಂದು ದಿನ ಹಣದ ಮಾತು ಬಂದಾಗ ‘ನನಗೇನೂ ಗೊತ್ತಿಲ್ಲ, ಮೇಷ್ಟ್ರು ಸಹಿ ಕೇಳಿದರು’ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು.

ಸಭೆಯನ್ನು ಕೆಲಸ ಬಿಟ್ಟ ಮೇಲೆ ಇಡಿ. ಕೊಯ್ಲಿನಲ್ಲಿ ಭಾನುವಾರ, ಅದೂ ಆಗದಿದ್ದರೆ ದೊಡ್ಡ ಲೈನಿನ ಅಂಗಳದಲ್ಲೇ ಮಾಡಿ. ವಿಷಯ ಮೂರಕ್ಕಿಂತ ಹೆಚ್ಚು ಬೇಡ. ಮೊದಲ ವಿಷಯ ಯಾವಾಗಲೂ ನಗದು ಪುಸ್ತಕ: ‘ಹೋದ ತಿಂಗಳ ಶಿಲ್ಕು ಇಷ್ಟು, ಪೈಪಿಗೆ 640 ಖರ್ಚು, ಬಿಲ್ಲು ಇಲ್ಲಿದೆ ನೋಡಿ’ ಎಂದು ಓದಿ ಬಿಲ್ಲನ್ನು ಕೈಯಿಂದ ಕೈಗೆ ದಾಟಿಸಿ. ಓದಲು ಬಾರದವರೂ ಆ ಕಾಗದವನ್ನು ಹಿಡಿದು ನೋಡುತ್ತಾರೆ, ಪೈಪು ಎಲ್ಲಿ ಹಾಕಿದ್ದು ಎಂದು ಕೇಳುತ್ತಾರೆ. ಕೇಳಲಿ. ಲೈನಿನ ತಾಯಂದಿರು ಊರಿನ ಗೌಡರ ಎದುರು ಬಾಯಿಬಿಡುವುದು ಕಡಿಮೆ. ಅವರ ಹೆಸರು ಹಿಡಿದು, ‘ಅಕ್ಕಾ, ಅನ್ನ ಸಾಲುತ್ತಾ, ಮಕ್ಕಳು ಏನಂತಾರೆ’ ಎಂದು ನೀವೇ ಕೇಳಬೇಕು. ಮೂರು ವರ್ಷದ ಶಾಲಾ ಅಭಿವೃದ್ಧಿ ಯೋಜನೆ ಬರೆಯುವ ಸಭೆಯನ್ನು ಮಾತ್ರ ಬೇರೆಯಾಗಿ, ಪುರುಸೊತ್ತಿನಲ್ಲಿ ಮಾಡಿ.

ಪಾಠ ಬಿಡದಂತೆ

ಮೂವರು ಶಿಕ್ಷಕರಿರುವ ಶಾಲೆಯಲ್ಲಿ ಮುಖ್ಯ ಶಿಕ್ಷಕರೂ ಪೂರ್ತಿ ಪಾಠ ಮಾಡಬೇಕು. ಒಂದರಿಂದ ಮೂರು ನಲಿ-ಕಲಿ ಒಬ್ಬರಿಗೆ, ನಾಲ್ಕು-ಐದು ಒಬ್ಬರಿಗೆ, ಆರು-ಏಳು ಒಬ್ಬರಿಗೆ ಎಂದು ಕೊಠಡಿ ಹಂಚಿಕೊಂಡರೂ ತರಬೇತಿ, ಮೀಟಿಂಗು, ರಜೆ ಎಂದು ವಾರಕ್ಕೊಂದು ದಿನ ಯಾರಾದರೂ ಇರುವುದಿಲ್ಲ. ಒಬ್ಬರಿಲ್ಲದ ದಿನದ ವೇಳಾಪಟ್ಟಿಯನ್ನು ಜೂನ್‌ನಲ್ಲೇ ಬರೆದು ಗೋಡೆಗೆ ಅಂಟಿಸಿ. ಆ ದಿನ ಬೆಳಿಗ್ಗೆ ನಿರ್ಧರಿಸಲು ಕೂತರೆ ಮೊದಲ ಎರಡು ಪಿರಿಯಡ್ ಗದ್ದಲದಲ್ಲೇ ಕಳೆಯುತ್ತದೆ.

ಕಚೇರಿ ಕೆಲಸ ನಿಮ್ಮ ಪಾಠವನ್ನು ತಿನ್ನುತ್ತದೆ. ಪ್ರಾರ್ಥನೆ ಮುಗಿದ ಮೇಲಿನ ಮೊದಲ ಎರಡು ಪಿರಿಯಡ್ ಯಾವ ಫೋನಿಗೂ ಬಿಟ್ಟುಕೊಡಬೇಡಿ. ಆನ್‌ಲೈನ್ ಮಾಹಿತಿ ತುಂಬುವುದನ್ನು ವಾರಕ್ಕೆ ಎರಡು ಸಂಜೆಗೆ ಕಟ್ಟಿಹಾಕಿ. ಗುಡ್ಡದ ಮರೆಯ ಶಾಲೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಕೂತು ಮುಗಿಸಿ ಬನ್ನಿ.

ಆನೆ ಇರುವ ದಾರಿ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ಆನೆಯಿಂದ ಮಕ್ಕಳನ್ನು ಕಾಯುವುದು ದಿನನಿತ್ಯದ ಕೆಲಸ. ಯಾವ ಮಗು ಯಾವ ದಾರಿಯಲ್ಲಿ ಬರುತ್ತದೆ ಎಂಬ ನಕ್ಷೆಯನ್ನು ಕೈಯಲ್ಲೇ ಬರೆದು, ಒಂದೊಂದು ದಾರಿಗೆ ಒಬ್ಬ ದೊಡ್ಡವರ ಫೋನ್ ನಂಬರ್ ಹಾಕಿ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರ ಎಚ್ಚರಿಕೆ ಸಂದೇಶ ಬರುವ ಗುಂಪಿನಲ್ಲಿ ನೀವೂ ಎಸ್‌ಡಿಎಂಸಿ ಅಧ್ಯಕ್ಷರೂ ಇರಬೇಕು. ಬೆಳಗಿನ ಸಂದೇಶದಲ್ಲಿ ನಿಮ್ಮ ತೋಟದ ಹೆಸರಿದ್ದರೆ ಆ ದಾರಿಯ ಮಕ್ಕಳು ಮನೆಯಲ್ಲೇ ಇರಲಿ, ಗೈರೆಂದು ಗದರಿಸುವ ಮಾತೇ ಬೇಡ. ಸಂಜೆಯಾದರೆ ಗುಂಪಾಗಿ, ದೊಡ್ಡವರ ಜೊತೆ, ಬೆಳಕಿರುವಾಗಲೇ ಕಳಿಸಿ. ಶಾಲೆಯ ಆವರಣದ ಹಲಸಿನ ಕಾಯಿಗಳನ್ನು ಹಣ್ಣಾಗುವ ಮೊದಲೇ ಕೀಳಿಸಿ. ಅಕ್ಕಿ, ಉಪ್ಪಿನ ವಾಸನೆಗೆ ಆನೆ ಅಡುಗೆಮನೆಯ ಬಾಗಿಲು ಮುರಿಯುವುದುಂಟು. ದಾಸ್ತಾನು ಗಟ್ಟಿ ಗೋಡೆಯ ಒಳಕೋಣೆಯಲ್ಲಿರಲಿ.

ಐದು ಮತ್ತು ಏಳು ಮುಗಿದವರು

ಐದನೇ ತರಗತಿಯ ಚುರುಕು ಮಕ್ಕಳಿಗೆ ನವೋದಯ, ಮೊರಾರ್ಜಿ ವಸತಿ ಶಾಲೆಯ ಪರೀಕ್ಷೆ ಕಟ್ಟಿಸಬೇಕು. ಅವರು ಹೋದರೆ ನಿಮ್ಮ ಸಂಖ್ಯೆ ಕಡಿಮೆಯಾಗುತ್ತದೆ ಎಂಬುದು ಖರೆ. ಆದರೂ ಕಟ್ಟಿಸಿ. ಲೈನಿನ ಮನೆಯೊಂದರಿಂದ ಒಂದು ಮಗು ಬಾಳೆಹೊನ್ನೂರಿನ ಅಥವಾ ಮಾವಿನಕೆರೆಯ ನವೋದಯಕ್ಕೆ ಹೋದ ಸುದ್ದಿ ಮುಂದಿನ ಜೂನ್‌ನಲ್ಲಿ ನಾಲ್ಕು ಮಕ್ಕಳನ್ನು ನಿಮ್ಮ ಶಾಲೆಗೆ ಕರೆತರುತ್ತದೆ, ಖಾಸಗಿ ಶಾಲೆಯ ವ್ಯಾನು ಹತ್ತಬೇಕಿದ್ದವರನ್ನೂ. ಏಳು ಮುಗಿಸಿದವರ ಕೈಗೆ ಟಿಸಿ ಕೊಟ್ಟು ಸುಮ್ಮನಾಗಬೇಡಿ. ಪ್ರೌಢಶಾಲೆ ಎಷ್ಟು ದೂರ, ಬಸ್ಸು ಎಷ್ಟೊತ್ತಿಗೆ, ಹಾಸ್ಟೆಲ್ ಅರ್ಜಿ ಹಾಕಿದರೇ ಎಂದು ಮೇ ತಿಂಗಳಲ್ಲೇ ಕೇಳಿ. ಹೆಣ್ಣುಮಕ್ಕಳು ಹೆಚ್ಚು ಉದುರುವುದು ಈ ಒಂದು ಬೇಸಿಗೆಯಲ್ಲಿ.

ಕೊಯ್ಲು ಮುಗಿಸಿ ಊರಿಗೋ ಇನ್ನೊಂದು ತೋಟಕ್ಕೋ ಹೊರಡುವ ಸಂಸಾರದ ಮಕ್ಕಳಿಗೆ, ಟಿಸಿ ಕೇಳಿದರೂ ಕೇಳದಿದ್ದರೂ, ಶಾಲೆಯ ಮೊಹರಿನ ಒಂದು ಪತ್ರ ಕೊಡಿ. ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಹುಟ್ಟಿದ ದಿನ, ತರಗತಿ, ಬಂದ ದಿನ ಮತ್ತು ಬಿಟ್ಟ ದಿನ, ಹಾಜರಾದ ದಿನಗಳು, ಸ್ಯಾಟ್ಸ್ ಅಥವಾ ಪೆನ್ ಸಂಖ್ಯೆ, ಶಾಲೆಯ 11 ಅಂಕಿಯ ಯು-ಡೈಸ್ ಸಂಖ್ಯೆ. ಕೆಳಗೆ ಎರಡು ಸಾಲು: ಓದು ಎಲ್ಲಿಯವರೆಗೆ ಬಂದಿದೆ, ಲೆಕ್ಕ ಎಲ್ಲಿಯವರೆಗೆ. ‘ಗುಣಿತಾಕ್ಷರ ಓದುತ್ತಾಳೆ, ಒತ್ತಕ್ಷರದಲ್ಲಿ ತಡೆಯುತ್ತಾಳೆ, ಕಳೆಯುವ ಲೆಕ್ಕ ದಶಕ ಎರವಲು ಸಮೇತ ಬರುತ್ತದೆ’ ಎಂಬಷ್ಟು ಬರೆದರೆ ಮುಂದಿನ ಮೇಷ್ಟ್ರು ಅಲ್ಲಿಂದಲೇ ಹಿಡಿಯಬಹುದು. ಆಳುಗಳನ್ನು ಕರೆತರುವ ಮೇಸ್ತ್ರಿಯ ಫೋನ್ ನಂಬರನ್ನು ನಿಮ್ಮ ವಹಿಯಲ್ಲಿ ಬರೆದುಕೊಂಡು, ನಿಮ್ಮ ನಂಬರನ್ನು ಆ ಪತ್ರದ ಹಿಂದೆ ಬರೆಯಿರಿ. ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಾಯಿಯ ಕೈಗೆ ಕೊಡಿ, ರೇಷನ್ ಕಾರ್ಡ್ ಇಡುವ ಕಡೆ ಇಡಲು ಹೇಳಿ.